ಕಟ್ಟಿಗೆಯ ಲೂರ್ ಮನೆಯಲ್ಲೇ: ತುಂಡು ಆರಿಸುವುದರಿಂದ ಎಪಾಕ್ಸಿ ಹೊಳಪಿನವರೆಗೆ

ತುಂಗಭದ್ರೆಯ ತಳವೆಲ್ಲ ಕಲ್ಲುಬಂಡೆ. ಕಂಪ್ಲಿ ದಾಟಿ ಸಿರುಗುಪ್ಪದ ಕಡೆ ಹೋದರೂ ಗಾಳ ಎಸೆಯುವವನ ಪಾಡು ಒಂದೇ: ನಾಲ್ಕು ಸಲ ಎಸೆದರೆ ಒಂದು ಸಲ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಎರೆಹುಳು ಚುಚ್ಚಿದ ಗಾಳವಾದರೆ ಹರಿದುಕೊಂಡು ಇನ್ನೊಂದು ಕಟ್ಟಬಹುದು. ಆದರೆ ಅಂಗಡಿಯಿಂದ ತಂದ ಒಳ್ಳೆಯ ಲೂರ್ (ಮರಿಮೀನು, ಕಪ್ಪೆಗಳ ಸೋಗು ಹಾಕಿದ ಗಾಳ) ಹೋದರೆ ಅವತ್ತಿನ ಕೂಲಿಯೇ ಹೋದಂತೆ. ಹಾಗಾಗಿ ಲೂರ್ ಹುಚ್ಚು ಹತ್ತಿದವರು ಒಂದಲ್ಲ ಒಂದು ದಿನ ಚಾಕು, ಕಟ್ಟಿಗೆ ಹಿಡಿದು ಕೂರುತ್ತಾರೆ. ಕೂತವರಲ್ಲಿ ಹೆಚ್ಚಿನವರು ನೇರ ಬಣ್ಣಕ್ಕೆ ಹಾರುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ.

ಮನೆಯಲ್ಲಿ ಮಾಡಿದ ಲೂರ್ ಬಣ್ಣ ಸರಿಯಿಲ್ಲದೆ ಕೆಡುವುದು ಅಪರೂಪ. ಅದು ಕೆಡುವುದು ಎರಡೇ ಕಾರಣಕ್ಕೆ: ಕಟ್ಟಿಗೆಯೊಳಗೆ ನೀರು ಹೊಕ್ಕು, ಇಲ್ಲವೇ ತೂಕ ತಪ್ಪಿದ ಜಾಗದಲ್ಲಿ ಕೂತು. ನೀರು ಹೊಕ್ಕರೆ ಕಟ್ಟಿಗೆ ಉಬ್ಬುತ್ತದೆ, ಮೇಲಿನ ಹೊಳಪು ಬಿರುಕು ಬಿಡುತ್ತದೆ, ತಂತಿ ಸಡಿಲವಾಗುತ್ತದೆ. ತೂಕ ತಪ್ಪಿದರೆ ಎಷ್ಟು ಚೆಂದದ ಬಣ್ಣ ಬಳಿದಿದ್ದರೂ ಅದು ಸತ್ತ ಮೀನಿನಂತೆ ಮಗ್ಗುಲಾಗಿ ಬರುತ್ತದೆ. ಈ ಬರಹದಲ್ಲಿ ಆ ಎರಡಕ್ಕೇ ಹೆಚ್ಚು ಜಾಗ. ಬಣ್ಣದ ವಿಷಯ ಬೇಗ ಮುಗಿಸುತ್ತೇನೆ.

ಯಾವ ಮೀನಿಗೆ, ಯಾವ ಆಕಾರ

ಬೇಟೆಯಾಡಿ ತಿನ್ನುವ ಮೀನು ಮಾತ್ರ ಲೂರ್‌ಗೆ ಬೀಳುತ್ತದೆ. ಕಾಟ್ಲಾ, ರೋಹು, ಮೃಗಾಲ್ ಬೇಕಾದವರು ಹಿಟ್ಟಿನ ಉಂಡೆಯನ್ನೇ ನಂಬಿ. ನಮ್ಮ ಕಡೆ ಲೂರ್ ಹಿಂದೆ ಬರುವವು ಮುಖ್ಯವಾಗಿ ಎರಡು. ಒಂದು ಕೊರವ, ಮುರಲ್ ಅಂತಲೂ ಕರೆಯುತ್ತಾರೆ. ಕೆರೆ, ಕಾಲುವೆ, ಭತ್ತದ ಗದ್ದೆಯ ಬಸಿಗಾಲುವೆಯಲ್ಲೂ ಇರುತ್ತದೆ. ಗಾಳಿ ಕುಡಿಯಲು ಮೇಲೆ ಬಂದೇ ಬರುವ ಮೀನಾದ್ದರಿಂದ ನೀರಿನ ಮೇಲೇ ತೇಲುವ ಲೂರ್ ಇದಕ್ಕೆ ಸರಿ. ಇನ್ನೊಂದು ಬಾಳೆ ಮೀನು. ಅಗಲ ಬಾಯಿ, ಸಾಲು ಹಲ್ಲು. ನದಿಯ ಮಡುಗಳಲ್ಲಿ, ಹಿನ್ನೀರಿನಲ್ಲಿ ಸಿಗುತ್ತದೆ. ಇದಕ್ಕೆ ಒಂದೆರಡು ಮೀಟರ್ ಕೆಳಗಿಳಿದು ಅಲುಗಾಡುತ್ತ ಬರುವ ಲೂರ್ ಬೇಕು.

ಎರಡಕ್ಕೂ ನಡೆಯುವ ಒಂದು ಅಳತೆ ಹೇಳುತ್ತೇನೆ: 9 ಸೆಂ.ಮೀ. ಉದ್ದ, 2.2 ಸೆಂ.ಮೀ. ಎತ್ತರ, 1.6 ಸೆಂ.ಮೀ. ದಪ್ಪದ ಕಟ್ಟಿಗೆ ತುಂಡು. ಮುಂದೆ ಪ್ಲಾಸ್ಟಿಕ್ ನಾಲಿಗೆ ಇಟ್ಟರೆ ಅದು ಮುಳುಗಿ ಅಲುಗಾಡುತ್ತದೆ. ನಾಲಿಗೆ ಬಿಟ್ಟು ಮೂತಿಯನ್ನು ಬಟ್ಟಲಿನಂತೆ ತೋಡಿದರೆ ಮೇಲೆ ತೇಲುತ್ತ 'ಪ್ಲಕ್ ಪ್ಲಕ್' ಎಂದು ನೀರು ಚಿಮ್ಮಿಸುತ್ತದೆ. ಮೊದಲ ಸಲ ಮಾಡುವವರು ಬಟ್ಟಲು ಮೂತಿಯದನ್ನೇ ಮಾಡಿ. ಅದರಲ್ಲಿ ತಪ್ಪಿಗೆ ಜಾಗ ಹೆಚ್ಚು.

ಕಟ್ಟಿಗೆ

ಪುಸ್ತಕ, ವಿಡಿಯೋಗಳೆಲ್ಲ ಬಾಲ್ಸಾ ಮರ ಎನ್ನುತ್ತವೆ. ಅದು ಬಹಳ ಹಗುರ, ಒಂದು ಘನ ಸೆಂಟಿಮೀಟರಿಗೆ 0.16 ಗ್ರಾಂ ಆಸುಪಾಸು. ಆದರೆ ಕೊಪ್ಪಳದಲ್ಲಿ ಯಾರು ಕೊಡುತ್ತಾರೆ? ಬೇಕಾಗಿಯೂ ಇಲ್ಲ. ಬಾಲ್ಸಾ ಉಗುರು ಒತ್ತಿದರೆ ತಗ್ಗುಬೀಳುವ ಕಟ್ಟಿಗೆ, ಬಾಳೆ ಮೀನಿನ ಹಲ್ಲಿಗೆ ಅದು ತಡೆಯುವುದಿಲ್ಲ.

ನಮಗೆ ಸುಲಭವಾಗಿ ಸಿಗುವುದು ಪ್ಯಾಕಿಂಗ್ ಪೆಟ್ಟಿಗೆಯ ಪೈನ್. ತೋರಣಗಲ್ಲು, ಬಳ್ಳಾರಿ ಕಡೆಯ ಕಾರ್ಖಾನೆಗಳಿಗೆ ಯಂತ್ರದ ಸಾಮಾನು ಬರುವ ಪೆಟ್ಟಿಗೆಗಳು ಕೊನೆಗೆ ಗುಜರಿ ಅಂಗಡಿ ಸೇರುತ್ತವೆ. ಗಂಟಿಲ್ಲದ, ನೇರ ಎಳೆಯಿರುವ ಪಟ್ಟಿ ಆರಿಸಿ. ತೂಕ ಘನ ಸೆಂಟಿಮೀಟರಿಗೆ ಅರ್ಧ ಗ್ರಾಂ ಆಸುಪಾಸು ಇರುತ್ತದೆ. ಇನ್ನೂ ಹಗುರ ಬೇಕಾದರೆ ಹಾಲವಾಣ. ಹೊಲದ ಬೇಲಿಯಲ್ಲಿ ಕೆಂಪು ಹೂ ಬಿಡುವ, ಮುಳ್ಳಿರುವ ಮರ. ಒಣಗಿದ ಮೇಲೆ ಬೆಂಡಿನಷ್ಟು ಹಗುರ, ಚಾಕುವಿಗೆ ಮೆತ್ತಗೆ. ಆದರೆ ರಂಧ್ರ ಹೆಚ್ಚು, ನೀರು ಕುಡಿಯುವುದೂ ಹೆಚ್ಚು. ತೇಗ ಗಟ್ಟಿ, ನೀರಿಗೂ ತಡೆಯುತ್ತದೆ, ಆದರೆ ಅದರ ಎಣ್ಣೆಯ ಅಂಶದಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಬೇವು, ಜಾಲಿ ಬಿಡಿ. ತೂಕ ತುಂಬುವ ಮೊದಲೇ ಮುಳುಗುವ ಹಂತಕ್ಕೆ ಬಂದಿರುತ್ತವೆ.

ಹಸಿ ಕಟ್ಟಿಗೆ ಮುಟ್ಟಲೇಬೇಡಿ. ಇಂದು ಕಡಿದ ಹಾಲವಾಣ ತುಂಡನ್ನು ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಬಿಸಿಲಿಗಿಟ್ಟರೆ ಸೀಳುತ್ತದೆ.

ಮಿಕ್ಕ ಸಾಮಾನು

1 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ತಂತಿ, ಮೂರು ಮುಳ್ಳಿನ ಗಾಳ 4ನೇ ನಂಬರಿನವು ಎರಡು, ಅವನ್ನು ಸಿಕ್ಕಿಸಲು ಕೀಗೊಂಚಲಿನಂಥ ಪುಟ್ಟ ಸ್ಪ್ಲಿಟ್ ರಿಂಗ್, ನಾಲಿಗೆಗೆ ಹಳೆಯ ಸಿಡಿ, ತೂಕಕ್ಕೆ ಸೈಕಲ್ ಹಬ್ಬಿನ ಉಕ್ಕಿನ ಗುಂಡು, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ (ಎರಡು ಟ್ಯೂಬ್ ಬೆರೆಸುವ ಅಂಟು), ಎಂ-ಸೀಲ್, ಬಡಿಗರು ಬಳಸುವ ಎನ್‌ಸಿ ಸ್ಯಾಂಡಿಂಗ್ ಸೀಲರ್ ಮತ್ತು ಥಿನ್ನರ್, 120, 220, 400 ನಂಬರಿನ ಸ್ಯಾಂಡ್ ಪೇಪರ್. ಗಾಳ, ರಿಂಗ್ ಬಿಟ್ಟು ಮಿಕ್ಕಿದ್ದೆಲ್ಲ ಯಾವುದೇ ತಾಲ್ಲೂಕಿನ ಹಾರ್ಡ್‌ವೇರ್, ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ. ಆಭರಣ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಒಂದಿದ್ದರೆ ಅರ್ಧ ಕೆಲಸ ಹಗುರ. 0.1 ಗ್ರಾಂ ತೋರಿಸುವುದು ಸಾಕು.

ಸೀಳು ಮೊದಲು, ಆಕಾರ ಆಮೇಲೆ

ತುಂಡು ಇನ್ನೂ ಚೌಕವಾಗಿರುವಾಗಲೇ ಎರಡು ಸೀಳು ಹಾಕಬೇಕು. ಆಕಾರ ಕೊಟ್ಟ ಮೇಲೆ ಹಾಕಲು ಹೋದರೆ ಗರಗಸ ನೇರ ನಿಲ್ಲುವುದಿಲ್ಲ, ಸೊಟ್ಟ ಸೀಳಿನ ಲೂರ್ ಜನ್ಮಪೂರ್ತಿ ಒಂದೇ ಕಡೆ ವಾಲುತ್ತದೆ.

ಮೊದಲು ತುಂಡಿನ ಸುತ್ತ ನಡುಗೆರೆ ಎಳೆಯಿರಿ: ಮೂತಿಯಿಂದ ಹೊಟ್ಟೆಗುಂಟ ಬಾಲದವರೆಗೆ, ಬೆನ್ನ ಮೇಲೂ. ಈ ಗೆರೆಯನ್ನು ಕೊನೆಯವರೆಗೂ ಅಳಿಯಗೊಡಬೇಡಿ. ನಂತರ ಹ್ಯಾಕ್ಸಾ ಬ್ಲೇಡಿನಿಂದ ಹೊಟ್ಟೆಯ ನಡುಗೆರೆಯ ಮೇಲೆ, ಮೂತಿಯಿಂದ ಬಾಲದವರೆಗೂ, ಎತ್ತರದ ಅರ್ಧದಷ್ಟು ಆಳಕ್ಕೆ ಸೀಳಿ. ತಂತಿ ಕೂರುವುದು ಇದರಲ್ಲಿ. ಬ್ಲೇಡಿನ ಸೀಳಿಗೆ 1 ಮಿ.ಮೀ. ತಂತಿ ಬಿಗಿಯಾಗಿ ಕೂರುತ್ತದೆ. ತೀರ ಬಿಗಿಯಾದರೆ ಮಡಿಸಿದ ಸ್ಯಾಂಡ್ ಪೇಪರ್ ಎರಡು ಸಲ ಎಳೆಯಿರಿ.

ನಾಲಿಗೆಯ ಸೀಳು ಮೂತಿಯಿಂದ ಸುಮಾರು 8 ಮಿ.ಮೀ. ಹಿಂದೆ, ಗಲ್ಲದ ಕಡೆ. ಇದರ ಕೋನವೇ ಲೂರ್ ಎಷ್ಟು ಆಳಕ್ಕೆ ಇಳಿಯಬೇಕೆಂದು ತೀರ್ಮಾನಿಸುತ್ತದೆ. ನಾಲಿಗೆ ನೇರ ಕೆಳಗೆ ಜೋತುಬಿದ್ದರೆ ಲೂರ್ ಮೇಲೇ ಇದ್ದು ಜೋರಾಗಿ ಅಲ್ಲಾಡುತ್ತದೆ. ನಾಲಿಗೆ ಮುಂದಕ್ಕೆ, ಮೈಯ ಉದ್ದಕ್ಕೆ ಹೊಂದಿಕೊಂಡಂತೆ ಚಾಚಿದರೆ ಆಳಕ್ಕೆ ಹೋಗುತ್ತದೆ, ಅಲುಗಾಟ ಬಿಗಿಯಾಗುತ್ತದೆ. ಕೆರೆಗೆ ಮೊದಲನೆಯದು, ಮಡುವಿಗೆ ಎರಡನೆಯದು. ಎರಡಕ್ಕೂ ನಡುವೆ 45 ಡಿಗ್ರಿ ಇಟ್ಟರೆ ಎಲ್ಲ ಕಡೆ ನಡೆಯುತ್ತದೆ.

ಇನ್ನು ಕೆತ್ತನೆ. ಕಾಗದದಲ್ಲಿ ಮೀನಿನ ಪಕ್ಕನೋಟ ಬರೆದು, ಕತ್ತರಿಸಿ, ತುಂಡಿನ ಮೇಲಿಟ್ಟು ಗುರುತು ಮಾಡಿ. ಮೊದಲು ಪಕ್ಕನೋಟದ ಆಕಾರ ಪೂರ್ತಿ ತೆಗೆಯಿರಿ, ಆಮೇಲೆ ಮೇಲಿಂದ ನೋಡುವ ಆಕಾರ, ಕೊನೆಗೆ ನಾಲ್ಕು ಮೂಲೆ ಉರುಟು ಮಾಡುವುದು. ಚಾಕುವಿನ ಕೆಲಸ ಮುಗಿದ ಮೇಲೆ 120, ನಂತರ 220 ನಂಬರಿನ ಕಾಗದ. ಎರಡೂ ಮಗ್ಗುಲು ಸಮವಾಗಿದೆಯೇ ಎಂದು ಕಣ್ಣಿಗಿಂತ ಬೆರಳು ಬೇಗ ಹೇಳುತ್ತದೆ. ಕಣ್ಣು ಮುಚ್ಚಿ ಹೆಬ್ಬೆರಳು ತೋರುಬೆರಳ ನಡುವೆ ಮೂತಿಯಿಂದ ಬಾಲದವರೆಗೆ ಎಳೆಯಿರಿ. ಉಬ್ಬಿರುವ ಕಡೆ ಬೆರಳು ತಾನೇ ನಿಲ್ಲುತ್ತದೆ. ಧೂಳು ಮೂಗಿಗೆ ಹೋಗದಂತೆ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ತಂತಿ

ಸಣ್ಣ ಕಣ್ಣಿನ ಸ್ಕ್ರೂ ತಿರುಗಿಸಿ ಗಾಳ ನೇತುಹಾಕುವುದು ಸುಲಭ. ಗಟ್ಟಿ ಕಟ್ಟಿಗೆಯಲ್ಲಿ, ಸಣ್ಣ ಮೀನಿಗೆ ನಡೆಯುತ್ತದೆ. ಪೈನ್ ಅಥವಾ ಹಾಲವಾಣದಲ್ಲಿ ಮೂರು ಕಿಲೋದ ಕೊರವ ಹೊರಳಿದರೆ ಸ್ಕ್ರೂ ಕಿತ್ತು ಬರುತ್ತದೆ, ಮೀನಿನ ಬಾಯಲ್ಲಿ ಗಾಳ ಉಳಿಯುತ್ತದೆ. ಮೂತಿಯಿಂದ ಬಾಲದವರೆಗೆ ಒಂದೇ ತಂತಿ ಓಡಿದರೆ ಕಟ್ಟಿಗೆ ಪೂರ್ತಿ ಒಡೆದರೂ ಮೀನು ದಾರದ ಜೊತೆ ಇರುತ್ತದೆ.

ಕೊಕ್ಕಿನ ಇಕ್ಕಳದ ತುದಿಗೆ ತಂತಿ ಸುತ್ತಿ ಮೂತಿಯ ಕಣ್ಣು ಮಾಡಿ, ಬುಡಕ್ಕೆ ಎರಡು ಸುತ್ತು ಹಾಕಿ. ಸೀಳಿನಗುಂಟ ಬಂದು ಹೊಟ್ಟೆಯ ನಡುವಿಗಿಂತ ಸ್ವಲ್ಪ ಮುಂದೆ ಕೆಳಗೆ ಇನ್ನೊಂದು ಕಣ್ಣು, ಬಾಲದಲ್ಲಿ ಮೂರನೆಯದು. ನಾಲಿಗೆಯ ಸೀಳು ಎದುರಾಗುವಲ್ಲಿ ತಂತಿಯನ್ನು ಅದರ ಮೇಲೆ ಹಾಯಿಸಿ. ಎರಡು ಗಾಳವೂ ತೂಗಾಡುವಾಗ ಒಂದಕ್ಕೊಂದು ತಗಲಬಾರದು. ತಂತಿ ಈಗ ಬರೇ ಕೂರಿಸಿ ನೋಡುವುದಕ್ಕೆ, ಅಂಟು ಇನ್ನೂ ಬೇಡ.

ತೂಕ

ಇಲ್ಲಿ ಅಂದಾಜು ಬೇಡ, ಲೆಕ್ಕ ಮಾಡಿ. ಕೆತ್ತಿದ ಮೈಗೆ ಒಂದು ಕೈ ಸೀಲರ್ ಬಳಿದು ಒಣಗಿಸಿ, ನೀರಿಗೆ ಹಾಕುವುದಕ್ಕೆ ಅಷ್ಟು ಸಾಕು. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಲೂರ್‌ನ ಮೈಯನ್ನು ಸೂಜಿಯ ತುದಿಯಿಂದ ಪೂರ್ತಿ ಮುಳುಗುವಂತೆ ಒತ್ತಿ ಹಿಡಿಯಿರಿ, ಲೋಟದ ತಳಕ್ಕೆ, ಗೋಡೆಗೆ ತಾಗದಂತೆ. ತಕ್ಕಡಿ ತೋರಿಸುವ ಗ್ರಾಂ ಎಷ್ಟೋ, ಮೈಯ ಗಾತ್ರ ಅಷ್ಟು ಘನ ಸೆಂಟಿಮೀಟರ್. ಸರಿಸಿದ ನೀರಿನ ತೂಕವನ್ನೇ ತಕ್ಕಡಿ ಹೇಳುತ್ತಿದೆ.

ಮೇಲಿನ ಅಳತೆಯ ಪೈನ್ ಮೈ ಕೆತ್ತಿದ ಮೇಲೆ 17 ಘನ ಸೆಂಟಿಮೀಟರ್ ಉಳಿಯಿತು ಎನ್ನೋಣ. ಅಂದರೆ ಅದರ ಒಟ್ಟು ತೂಕ 17 ಗ್ರಾಂ ದಾಟಿದರೆ ಮುಳುಗುತ್ತದೆ. ಕಟ್ಟಿಗೆ 8 ಗ್ರಾಂ, ಎರಡು ಗಾಳ 3 ಗ್ರಾಂ, ರಿಂಗ್, ತಂತಿ, ನಾಲಿಗೆ ಸೇರಿ 2 ಗ್ರಾಂ, ಮೇಲಿನ ಎಪಾಕ್ಸಿ 1 ಗ್ರಾಂ. ಒಟ್ಟು 14. ಉಳಿದದ್ದು 3 ಗ್ರಾಂ. ತೇಲುವ ಲೂರ್ ಬೇಕಾದರೆ ಅದರಲ್ಲಿ 1 ಗ್ರಾಂ ತೇಲುವುದಕ್ಕೆ ಬಿಟ್ಟು 2 ಗ್ರಾಂ ತೂಕ ಹಾಕಿ. ಹಾಲವಾಣವಾದರೆ ಕಟ್ಟಿಗೆಯೇ 5 ಗ್ರಾಂ ಇರುತ್ತದೆ, ಆಗ 5 ಗ್ರಾಂ ಹಾಕಬಹುದು. ಹಗುರ ಕಟ್ಟಿಗೆಯ ಲಾಭ ಇದೇ: ಅಷ್ಟೂ ತೂಕವನ್ನು ಹೊಟ್ಟೆಯ ತಳದಲ್ಲಿ ನಾವು ಬೇಕೆಂದ ಜಾಗದಲ್ಲಿ ಇಡಬಹುದು, ಮೈ ನೆಟ್ಟಗೆ ನಿಲ್ಲುತ್ತದೆ.

ತೂಕಕ್ಕೆ ಎಲ್ಲರೂ ಸೀಸ ಕರಗಿಸುತ್ತಾರೆ. ಮನೆಯಲ್ಲಿ, ಅದರಲ್ಲೂ ಮಕ್ಕಳಿರುವ ಮನೆಯ ಒಲೆಯ ಮೇಲೆ ಸೀಸ ಕರಗಿಸುವುದು ಬೇಡವೇ ಬೇಡ, ಅದರ ಹೊಗೆ, ಪುಡಿ ಎರಡೂ ವಿಷ. ಸೈಕಲ್ ಅಂಗಡಿಯ ಉಕ್ಕಿನ ಗುಂಡು ಸಾಕು. ಹಿಂದಿನ ಗಾಲಿಯ ಹಬ್ಬಿಗೆ ಹಾಕುವ ಕಾಲು ಇಂಚಿನ ಗುಂಡು ಒಂದಕ್ಕೆ ಹೆಚ್ಚೂಕಡಿಮೆ ಸರಿಯಾಗಿ 1 ಗ್ರಾಂ. ಮುಂದಿನ ಹಬ್ಬಿನ ಚಿಕ್ಕ ಗುಂಡು ಅರ್ಧ ಗ್ರಾಂಗೆ ಸ್ವಲ್ಪ ಕಡಿಮೆ. ತೂಗುವ ಕಷ್ಟವೇ ಇಲ್ಲ, ಎಣಿಸಿ ಹಾಕಿದರಾಯಿತು.

ಗುಂಡುಗಳನ್ನು ಮೊದಲು ಟೇಪಿನಿಂದ ಹೊಟ್ಟೆಗೆ ಅಂಟಿಸಿ, ತಂತಿ, ಗಾಳ ಎಲ್ಲ ಜೋಡಿಸಿ ಬಕೆಟ್ಟಿಗೆ ಬಿಡಿ. ಹೊಟ್ಟೆಯ ಗಾಳದ ಸ್ವಲ್ಪ ಮುಂದೆ ಇಟ್ಟರೆ ಹೆಚ್ಚು ಕಡೆ ಸರಿಹೋಗುತ್ತದೆ. ತೀರ ಹಿಂದೆ ಸರಿದರೆ ದೂರ ಹಾರುತ್ತದೆ ನಿಜ, ಅಲುಗಾಟ ಮಾತ್ರ ಸಾಯುತ್ತದೆ. ನೀರಿನ ಮೇಲೆ ಬೆನ್ನು ಮಾತ್ರ ಕಾಣುವಂತೆ, ಮೂತಿ ಒಂದಿಷ್ಟು ಮೇಲೆ ಅಥವಾ ಸಮವಾಗಿ ನಿಂತರೆ ಜಾಗ ಸಿಕ್ಕಿತು. ಬೆರಳಿಂದ ಮಗ್ಗುಲಿಗೆ ತಳ್ಳಿದರೆ ತಟ್ಟನೆ ನೆಟ್ಟಗಾಗಬೇಕು. ಬಟ್ಟಲು ಮೂತಿಯದಾದರೆ ತೂಕವನ್ನು ಬಾಲದ ಕಡೆ ಸರಿಸಿ, ಬಾಲ ಮುಳುಗಿ ಮೂತಿ ಮೇಲೆದ್ದು ನಿಲ್ಲಬೇಕು.

ಜಾಗ ಗುರುತು ಮಾಡಿ, ಮೈ ಚೆನ್ನಾಗಿ ಒಣಗಲು ಬಿಟ್ಟು, ಡ್ರಿಲ್ಲಿನಿಂದ ಗುಂಡಿನಷ್ಟೇ ಅಗಲದ ತೂತು ಕೊರೆಯಿರಿ. ಗುಂಡು, ತಂತಿ ಎರಡನ್ನೂ ಎಪಾಕ್ಸಿ ಹಾಕಿ ಕೂರಿಸಿ, ಮೇಲೆ ಎಂ-ಸೀಲ್ ಒತ್ತಿ ಸೀಳು ಪೂರ್ತಿ ಮುಚ್ಚಿ. ನಾಲಿಗೆಯ ಸೀಳಿಗೆ ಮಾತ್ರ ಅಂಟು ಹೋಗದಂತೆ ಕಾಗದದ ಚೂರು ತುರುಕಿಡಿ. ಒಂದು ರಾತ್ರಿ ಬಿಟ್ಟು ಅರದಿಂದ, ಕಾಗದದಿಂದ ಸಮ ಮಾಡಿ. ಗುಂಡು ಗಲಗಲ ಎನ್ನಬೇಕೆಂದು ಬಯಸುವವರು ತೂತಿನೊಳಗೆ ಪುಟ್ಟ ಸ್ಟ್ರಾ ತುಂಡು ಇಟ್ಟು ಒಂದು ಗುಂಡನ್ನು ಅಂಟಿಸದೆ ಬಿಡುತ್ತಾರೆ. ಮಳೆಗಾಲದ ಕೆಂಪು ನೀರಿನಲ್ಲಿ ಮೀನಿಗೆ ಕಾಣುವುದು ಕಡಿಮೆಯಾದ್ದರಿಂದ ಸದ್ದು ಕೆಲಸಕ್ಕೆ ಬರುತ್ತದೆ.

ನೀರು ಹೊಗದಂತೆ

ಈ ಹೆಜ್ಜೆ ಬಿಟ್ಟವರ ಲೂರ್ ಎಷ್ಟು ದಪ್ಪ ಎಪಾಕ್ಸಿ ಬಳಿದರೂ ಉಳಿಯುವುದಿಲ್ಲ. ಮೇಲಿನ ಹೊಳಪಿಗೆ ಕಲ್ಲು ತಾಗಿ ಸೂಜಿಮೊನೆಯಷ್ಟು ತೂತಾದರೂ ನೀರು ಒಳಹೋಗುತ್ತದೆ. ಒಳಗೆ ಕಟ್ಟಿಗೆಯೇ ಸೀಲ್ ಆಗಿದ್ದರೆ ನೀರು ಅಲ್ಲೇ ನಿಲ್ಲುತ್ತದೆ, ಇಲ್ಲದಿದ್ದರೆ ಬಣ್ಣದ ಕೆಳಗೆಲ್ಲ ಹರಡುತ್ತದೆ.

ಸುಲಭದ ದಾರಿ ಎನ್‌ಸಿ ಸೀಲರ್. ಅದಕ್ಕೆ ಅರ್ಧದಷ್ಟು ಥಿನ್ನರ್ ಬೆರೆಸಿ ತೆಳ್ಳಗೆ ಮಾಡಿ ಉದ್ದನೆಯ ಬಾಟಲಿಗೆ ಹಾಕಿ, ಲೂರ್ ಪೂರ್ತಿ ಮುಳುಗಿಸಿಡಿ. ಗುಳ್ಳೆ ಬರುವುದು ನಿಲ್ಲುವವರೆಗೆ ಬಿಟ್ಟು ತೆಗೆದು ನೇತುಹಾಕಿ. ಒಣಗಿದ ಮೇಲೆ 400 ನಂಬರಿನ ಕಾಗದದಿಂದ ತಿಕ್ಕಿ. ಮೂರು ಸಲ ಹೀಗೆ. ಮೂರನೆಯ ಸಲಕ್ಕೆ ಮೈ ಎಲ್ಲ ಕಡೆ ಒಂದೇ ಸಮ ಹೊಳೆಯಬೇಕು. ಮಂಕಾಗಿ ಕಾಣುವ ಜಾಗ ಇನ್ನೂ ಕುಡಿಯುತ್ತಿದೆ ಎಂದರ್ಥ, ಹೆಚ್ಚಾಗಿ ಮೂತಿ ಮತ್ತು ಬಾಲದ ಎಳೆತುದಿ. ನಾಲಿಗೆಯ ಸೀಳಿನೊಳಗೂ ಬ್ರಷ್‌ನಿಂದ ತಲುಪಿಸಿ, ಎಲ್ಲರೂ ಮರೆಯುವ ಜಾಗ ಅದು.

ಅಗಸೆ ಎಣ್ಣೆಯಲ್ಲಿ ನೆನೆಹಾಕುವ ಹಳೆಯ ಪದ್ಧತಿಯೂ ಒಳ್ಳೆಯದೇ, ಆದರೆ ಒಣಗಲು ವಾರಗಟ್ಟಲೆ ಬೇಕು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನಮ್ಮ ಬೇಸಿಗೆಯಲ್ಲಿ ಇದು ಬಾಯಿಮಾತಿನ ಹೆದರಿಕೆಯಲ್ಲ. ಬಟ್ಟೆಯನ್ನು ಬಿಡಿಸಿ ಬಯಲಲ್ಲಿ ಒಣಗಿಸಿ ಅಥವಾ ನೀರಲ್ಲಿ ನೆನೆಸಿಡಿ. ಫೆವಿಕ್ವಿಕ್ ಸುರಿದು ಸೀಲ್ ಮಾಡುವವರೂ ಇದ್ದಾರೆ, ಸಣ್ಣ ಲೂರ್‌ಗೆ ಬೇಗ ಮುಗಿಯುತ್ತದೆ. ಹತ್ತಿಬಟ್ಟೆಯಿಂದ ಮಾತ್ರ ಸವರಬೇಡಿ, ಹತ್ತಿಗೆ ತಗುಲಿದರೆ ಅದು ಸುಡುವಷ್ಟು ಬಿಸಿಯಾಗಿ ಹೊಗೆ ಬಿಡುತ್ತದೆ.

ರಾಯಚೂರು, ಬಳ್ಳಾರಿಯ ಬಿಸಿಲಿಗೆ ಒಂದು ಮಾತು. ಕಟ್ಟಿಗೆ ಬಿಸಿಯಾಗುತ್ತಿರುವಾಗ ಅದರೊಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ತಣ್ಣಗಾಗುವಾಗ ಕುಗ್ಗಿ ಒಳಕ್ಕೆ ಎಳೆಯುತ್ತದೆ. ಬೆಳಿಗ್ಗೆ ಬಳಿದರೆ ಹೊತ್ತು ಏರಿದಂತೆ ಸೀಲರ್ ಮೇಲೆ ಗುಳ್ಳೆ ಏಳುವುದು ಇದಕ್ಕೇ. ಮೈಯನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟು, ಸಂಜೆ ನೆರಳಿಗೆ ತಂದು, ತಣಿಯುತ್ತಿರುವಾಗ ಮುಳುಗಿಸಿ. ಕಟ್ಟಿಗೆಯೇ ಸೀಲರನ್ನು ಹೀರಿಕೊಳ್ಳುತ್ತದೆ. ಎಪಾಕ್ಸಿಗೂ ಇದೇ ಹೊತ್ತು ಸರಿ. ಸೀಲರ್, ಥಿನ್ನರ್ ಕೆಲಸವೆಲ್ಲ ಬಯಲಲ್ಲಿ, ಬೆಂಕಿಯಿಂದ ದೂರ.

ಬಣ್ಣ

ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಹಾಕುವುದನ್ನು ನೋಡಿದ್ದರೆ ಈ ಹಂತ ಅರ್ಥವಾಗುತ್ತದೆ. ಅವರು ಬರಿಯ ಕಟ್ಟಿಗೆಗೆ ಬಣ್ಣ ತಾಗಿಸುವುದಿಲ್ಲ. ಹುಣಸೆ ಬೀಜದ ಗೋಂದಿಗೆ ಕಲ್ಲಿನ ಪುಡಿ ಬೆರೆಸಿ ಮೈಗೆ ಒಂದು ಪದರ ಕೊಟ್ಟು, ನಯ ಮಾಡಿ, ಅದರ ಮೇಲೆ ಬಣ್ಣ. ಲೂರ್‌ಗೂ ಅದೇ ಕ್ರಮ ಬೇಕು, ಆದರೆ ಹುಣಸೆ ಗೋಂದು ನೀರಿಗೆ ಬಿಟ್ಟುಕೊಳ್ಳುತ್ತದೆ. ಅವರ ಗೊಂಬೆ ಗೂಡಿನಲ್ಲಿ ಕೂರುತ್ತದೆ, ನಮ್ಮದು ದಿನವಿಡೀ ಹೊಳೆಯಲ್ಲಿ. ಹಾಗಾಗಿ ಗೋಂದಿನ ಬದಲು ಬಿಳಿ ಪ್ರೈಮರ್ ತೆಳ್ಳಗೆ ಎರಡು ಕೈ. ಬಿಳಿ ನೆಲವಿದ್ದರೆ ಮೇಲಿನ ಬಣ್ಣ ಎದ್ದು ಕಾಣುತ್ತದೆ.

ಬೆನ್ನು ಕಪ್ಪು, ಮಗ್ಗುಲು ನಡುಬಣ್ಣ, ಹೊಟ್ಟೆ ಬಿಳಿ. ಹೆಚ್ಚಿನ ಮೀನು ಹೀಗೇ ಇರುವುದರಿಂದ ಇಷ್ಟು ಮಾಡಿದರೆ ಮುಕ್ಕಾಲು ಬಣ್ಣ ಮುಗಿಯಿತು. ಹುರುಪೆ ಬೇಕೆಂದರೆ ಸೊಳ್ಳೆ ಪರದೆಯ ತುಂಡನ್ನು ಮೈಗೆ ಬಿಗಿಯಾಗಿ ಸುತ್ತಿ ಕ್ಲಿಪ್ ಹಾಕಿ, ಮಗ್ಗುಲಿಗೆ ಸ್ಪ್ರೇ ಡಬ್ಬಿಯಿಂದ ತೆಳ್ಳಗೆ ಒಂದು ಸಲ ಹೊಡೆದು ಪರದೆ ತೆಗೆಯಿರಿ. ಕಣ್ಣಿಗೆ ಕಪ್ಪು ಟಿಕಳಿ ಹಳದಿ ಚುಕ್ಕಿಯ ಮೇಲೆ. ಮಳೆ ಬಂದು ನೀರು ಕೆಂಪಾದಾಗ ಪೂರ್ತಿ ಕಪ್ಪು ಅಥವಾ ಗಿಳಿಹಸಿರು, ಚಳಿಗಾಲದ ತಿಳಿನೀರಿಗೆ ಬೆಳ್ಳಿ. ಕೆಂಪು ಬಣ್ಣ ನೀರಿನಲ್ಲಿ ಆಳಕ್ಕಿಳಿದಂತೆ ಎಲ್ಲಕ್ಕಿಂತ ಮೊದಲು ಮಾಸುತ್ತದೆ, ಹಾಗಾಗಿ ಮಡುವಿನ ಲೂರ್‌ಗೆ ಕೆಂಪು ಬಳಿದು ಫಲವಿಲ್ಲ.

ಒಂದೇ ಎಚ್ಚರಿಕೆ: ಎಣ್ಣೆಯ ಎನಾಮಲ್ ಬಳಿದ ಮೇಲೆ ಎನ್‌ಸಿ ಲ್ಯಾಕರ್ ಹೊಡೆದರೆ ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಯಾವ ಡಬ್ಬಿಯಾದರೂ ಮೊದಲು ರದ್ದಿ ಕಟ್ಟಿಗೆಯ ಮೇಲೆ ಒಂದರ ಮೇಲೊಂದು ಬಳಿದು ಒಂದು ದಿನ ಬಿಟ್ಟು ನೋಡಿ.

ನಾಲಿಗೆ

ಸಿಡಿ ಪಾಲಿಕಾರ್ಬೊನೇಟ್‌ನದು, 1.2 ಮಿ.ಮೀ. ದಪ್ಪ, ಕಲ್ಲಿಗೆ ಬಡಿದರೂ ಸುಲಭಕ್ಕೆ ಮುರಿಯದು. ಅಂಗಡಿ ಬೋರ್ಡಿನ ಅಕ್ರಿಲಿಕ್ ಚೂರು ಹಾಗಲ್ಲ, ಮೊದಲ ಬಂಡೆಗೇ ಚೂರಾಗುತ್ತದೆ. ಸಿಡಿಯನ್ನು ಬಿಸಿನೀರಲ್ಲಿ ಅದ್ದಿ ಬಿಸಿಯಿರುವಾಗಲೇ ಕತ್ತರಿಯಿಂದ ಕತ್ತರಿಸಿ, ಬೆಳ್ಳಿ ಪದರವನ್ನು ಟೇಪ್ ಅಂಟಿಸಿ ಕಿತ್ತು ತೆಗೆಯಿರಿ. ಅಗಲ ಲೂರ್‌ನ ದಪ್ಪದಷ್ಟೇ, ಉದ್ದ ಹೊರಗೆ 1.5 ಸೆಂ.ಮೀ. ಅಂಚು ಅರದಿಂದ ಉರುಟು ಮಾಡಿ. ಸೀಳಿನೊಳಗೆ ಹೋಗುವ ಭಾಗವನ್ನು ಕಾಗದದಿಂದ ಗೀಚಿ ಒರಟು ಮಾಡಿ, ಎಪಾಕ್ಸಿಯಿಂದ ಕೂರಿಸಿ. ಎದುರಿನಿಂದ ನೋಡಿದಾಗ ಮೈಯ ನಡುಗೆರೆಗೆ ನಾಲಿಗೆ ಸರಿಯಾಗಿ ಅಡ್ಡ ಇರಬೇಕು. ಅಂಟು ಬಿಗಿಯುವ ಮುಂಚೆ ನಾಲ್ಕು ಸಲ ನೋಡಿ.

ಎಪಾಕ್ಸಿ ಹೊಳಪು

ಐದು ನಿಮಿಷದ ಎಪಾಕ್ಸಿ ಬೇಗ ಮುಗಿಯುತ್ತದೆ, ಆದರೆ ಬ್ರಷ್ಷಿನ ಗೆರೆ ಮಾಯುವ ಮೊದಲೇ ಗಟ್ಟಿಯಾಗುತ್ತದೆ, ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಒಂದು ದಿನ ತೆಗೆದುಕೊಳ್ಳುವ, ನೀರಿನಂತೆ ತಿಳಿಯಾದ ಎಪಾಕ್ಸಿಯೇ ಮೇಲು. ಎರಡು ಟ್ಯೂಬಿನದನ್ನು ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲೇ ಬೆರೆಸಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಹಾಕಿದರೆ ಅದು ಎಂದೂ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಎರಡು ನಿಮಿಷ ನಿಧಾನವಾಗಿ ಕಲಸಿ, ಅಂಚು ತಳ ಕೆರೆದು. ಜೋರಾಗಿ ಕಲಸಿದರೆ ಗಾಳಿ ಸೇರುತ್ತದೆ.

ಬೇಸಿಗೆಯಲ್ಲಿ ಚಿಕ್ಕ ಬಟ್ಟಲಲ್ಲಿ ಗುಡ್ಡೆಯಾಗಿ ಬಿಟ್ಟರೆ ತನ್ನ ಬಿಸಿಗೆ ತಾನೇ ಬೇಗ ಗಟ್ಟಿಯಾಗುತ್ತದೆ. ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳ್ಳಗೆ ಹರಡಿಕೊಂಡು ಬ್ರಷ್‌ನಿಂದ ಎತ್ತಿಕೊಳ್ಳಿ. ಜಡಿಮಳೆಯ ದಿನ ಬೇಡ, ತೇವಕ್ಕೆ ಮೇಲೆ ಬೆಳ್ಳಗೆ ಜಿಡ್ಡು ಕಟ್ಟುತ್ತದೆ. ಕೈಗವಸು ಹಾಕಿ, ಚರ್ಮಕ್ಕೆ ತಗುಲಿದರೆ ಸೋಪು ನೀರಿನಿಂದ ತೊಳೆಯಿರಿ, ಥಿನ್ನರ್‌ನಿಂದ ಅಲ್ಲ.

ಬಳಿದ ಮೇಲೆ ನೇತುಹಾಕಿ ಸುಮ್ಮನಾದರೆ ಎಲ್ಲ ಹರಿದು ಬಾಲದಲ್ಲಿ ಹನಿ ಕಟ್ಟುತ್ತದೆ, ಇಷ್ಟು ಲೆಕ್ಕ ಹಾಕಿ ಇಟ್ಟ ತೂಕವೂ ತಪ್ಪುತ್ತದೆ. ಗಟ್ಟಿಯಾಗುವವರೆಗೆ ಅಡ್ಡಲಾಗಿ ತಿರುಗುತ್ತಿರಬೇಕು. ಕೈಯಲ್ಲಾದರೆ ಮೂತಿ, ಬಾಲದ ಕಣ್ಣಿಗೆ ತಂತಿ ಸಿಕ್ಕಿಸಿ ಎರಡು ಮೊಳೆಗಳ ನಡುವೆ ಕೂರಿಸಿ ಐದು ನಿಮಿಷಕ್ಕೊಮ್ಮೆ ಅರ್ಧ ಸುತ್ತು, ಅದು ಜೇನಿನಷ್ಟು ಮಂದವಾಗುವವರೆಗೆ. ಹಾಳಾದ ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟಾರ್ ನಿಮಿಷಕ್ಕೆ ಐದಾರು ಸುತ್ತು ಹಾಕುತ್ತದೆ, ಇದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಒಲೆಯನ್ನು ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಕೊಲ್ಲುವಷ್ಟು ಕರೆಂಟು ಉಳಿದಿರುತ್ತದೆ. ಎಲೆಕ್ಟ್ರಿಷಿಯನ್ ಕಡೆಯಿಂದ ತೆಗೆಸಿ. ಕೆಲವು ಮೋಟಾರು 230 ವೋಲ್ಟಿನವು, ಕೆಲವು 21 ವೋಲ್ಟಿನವು, ಅದನ್ನೂ ನೋಡಿಸಿ. ಕರೆಂಟು ಹೋದರೆ ಎದ್ದು ಬಂದು ಕೈಯಲ್ಲಿ ತಿರುಗಿಸುವುದು ಇದ್ದದ್ದೇ. ಸಂಡೂರು ಕಡೆಯ ಕೆಂಪು ಧೂಳಾಗಲಿ ರಾಯಚೂರಿನ ಹತ್ತಿಯ ಎಳೆಯಾಗಲಿ ಹಸಿ ಎಪಾಕ್ಸಿಗೆ ಕೂತರೆ ಬಿಡುವುದಿಲ್ಲ, ಮೇಲೊಂದು ರಟ್ಟಿನ ಪೆಟ್ಟಿಗೆ ಬೋರಲು ಹಾಕಿ.

ಬಾಳೆ ಮೀನಿಗಾದರೆ ಎರಡು ಕೈ. ನಡುವೆ 400 ನಂಬರಿನಿಂದ ಹೊಳಪು ಹೋಗುವಷ್ಟು ಗೀಚಿ. ತಂತಿ ಹೊರಬರುವ ಜಾಗ, ನಾಲಿಗೆಯ ಬುಡ ಎಪಾಕ್ಸಿಯಲ್ಲಿ ಮುಳುಗಿರಲಿ. ನೀರಿಗಿಳಿಸುವ ಮುನ್ನ ವಾರ ಬಿಡಿ.

ನೀರಲ್ಲಿ ಹೊಂದಿಸುವುದು

ಗಾಳ ಹಾಕಿ, ದಡದ ಹತ್ತಿರ ನಿಧಾನವಾಗಿ ಎಳೆದು ನೋಡಿ. ನಿಮ್ಮ ಕಡೆ ಬರುತ್ತ ಬಲಕ್ಕೆ ಓಡಿದರೆ ಮೂತಿಯ ಕಣ್ಣನ್ನು ಇಕ್ಕಳದಿಂದ ಎಡಕ್ಕೆ ಕೂದಲೆಳೆಯಷ್ಟು ಬಾಗಿಸಿ, ಎಡಕ್ಕೆ ಓಡಿದರೆ ಬಲಕ್ಕೆ. ಪೂರ್ತಿ ಮಗುಚಿಕೊಂಡರೆ ನಾಲಿಗೆ ದೊಡ್ಡದಾಗಿದೆ, ಅಂಚಿನಿಂದ ಒಂದೊಂದೇ ಮಿಲಿಮೀಟರ್ ಅರ ಹಾಕಿ. ಅಲುಗಾಟವೇ ಇಲ್ಲವೆಂದರೆ ತೂಕ ಹೆಚ್ಚಾಗಿದೆ. ಒಂದು ನಂಬರ್ ಚಿಕ್ಕ ಗಾಳ ಹಾಕಿದರೆ ಕೆಲವೊಮ್ಮೆ ಜೀವ ಬರುತ್ತದೆ. ಬಾಳೆ ಮೀನಿಗೆ ಹೋಗುವುದಾದರೆ ಲೂರ್ ಮುಂದೆ ಒಂದು ಗೇಣು ಉಕ್ಕಿನ ಎಳೆ ಕಟ್ಟಿ, ನೈಲಾನ್ ದಾರ ಅದರ ಹಲ್ಲಿಗೆ ನಿಲ್ಲುವುದಿಲ್ಲ.

ಕೆಸರು, ಕಮಲ ತುಂಬಿದ ಕೆರೆಗೆ

ಅಲ್ಲಿ ಮೂರು ಮುಳ್ಳಿನ ಗಾಳ ಎಸೆದರೆ ಪ್ರತಿ ಸಲ ಬಳ್ಳಿಯೇ ಬರುತ್ತದೆ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಿಂದ ಹೆಬ್ಬೆರಳಿನಷ್ಟು ತುಂಡು ಕೊಯ್ದು, ಕಪ್ಪೆಯಂತೆ ಕೆತ್ತಿ, ಎರಡು ಮುಳ್ಳಿನ ಗಾಳದ ಕಾಂಡವನ್ನು ಉದ್ದಕ್ಕೆ ತೂರಿಸಿ. ಮುಳ್ಳು ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರಲಿ. ಕಾಲಿಗೆ ಬಲೂನಿನ ರಬ್ಬರ್ ಪಟ್ಟಿ. ಸೀಲರ್ ಬೇಡ, ಎಪಾಕ್ಸಿ ಬೇಡ, ಕಪ್ಪು ಚಪ್ಪಲಿಯಾದರೆ ಬಣ್ಣವೂ ಬೇಡ. ಕೊರವಕ್ಕೆ ಇದು ಸಾಕೋ ಸಾಕು.

ಎಲ್ಲಿ ಎಸೆಯಬಾರದು

ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ನದಿ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅಲ್ಲಿ ಗಾಳದ ಮಾತೇ ಬೇಡ. ಕಲ್ಲಿಗೆ ಸಿಕ್ಕು ಹರಿದುಳಿದ ದಾರ ನೀರುನಾಯಿ ಮರಿಗಳಿಗೆ, ನೀರುಕಾಗೆಗಳಿಗೆ ಉರುಳಾಗುತ್ತದೆ. ಊರ ಕೆರೆಗಳ ಮೀನು ಸಾಮಾನ್ಯವಾಗಿ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಸೇರಿರುತ್ತದೆ. ಕೇಳಿ ಇಳಿದರೆ ಯಾರೂ ಬೇಡ ಎನ್ನುವುದಿಲ್ಲ, ಕೇಳದೆ ಇಳಿದರೆ ಜಗಳ ಖಂಡಿತ. ತುಂಗಭದ್ರೆ, ಕೃಷ್ಣೆ ಎರಡರಲ್ಲೂ ಮೊಸಳೆ ಇವೆ. ಸಿಕ್ಕಿಕೊಂಡ ಲೂರ್ ಬಿಡಿಸಲು ನೀರಿಗಿಳಿಯಬೇಡಿ, ಇನ್ನೊಂದು ಮಾಡಿಕೊಂಡರಾಯಿತು. ಮಳೆಗಾಲದಲ್ಲಿ ಕೆಂಪನೆ ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡರೆ ಅದರಡಿ ಕೊರವದ ಜೋಡಿ ಕಾವಲಿರುತ್ತದೆ. ಆ ಮೀನು ಹಸಿವಿಗಲ್ಲ, ಸಿಟ್ಟಿಗೆ ಬಾಯಿ ಹಾಕುತ್ತದೆ. ಅದನ್ನು ಎತ್ತಿದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು.

ಮನೆಗೆ ಬಂದ ಮೇಲೆ

ಒರೆಸಿ, ಒಣಗಿಸಿ, ಗಾಳದ ತುದಿ ಗಾಳಕ್ಕೆ ಸಿಕ್ಕದಂತೆ ಬೇರೆ ಬೇರೆ ಖಾನೆಯಲ್ಲಿಡಿ. ಹೊಳಪಿನ ಮೇಲೆ ಹಲ್ಲಿನ ಗೀರು, ತೂತು ಕಂಡರೆ ಪೂರ್ತಿ ಒಣಗಲು ನಾಲ್ಕು ದಿನ ಬಿಟ್ಟು ಅಷ್ಟಕ್ಕೇ ಎಪಾಕ್ಸಿ ತಾಗಿಸಿ. ಹಸಿಯಿರುವಾಗ ಮುಚ್ಚಿದರೆ ಒಳಗಿನ ನೀರು ಒಳಗೇ ಉಳಿಯುತ್ತದೆ. ರಬ್ಬರ್ ಹುಳುಗಳನ್ನು ಬಣ್ಣದ ಲೂರ್ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಆ ಮೆತ್ತನೆ ಪ್ಲಾಸ್ಟಿಕ್‌ನಿಂದ ಒಸರುವ ಎಣ್ಣೆ ಬಣ್ಣ, ಹೊಳಪು ಎರಡನ್ನೂ ಕರಗಿಸಿ ಅಂಟಿಸಿಬಿಡುತ್ತದೆ, ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯೊಳಗೆ ಬಿಟ್ಟರಂತೂ ಒಂದೇ ಮಧ್ಯಾಹ್ನ ಸಾಕು.